ಕೋಡೀನಿನ ತೊಟ್ಟು

ಡಾಕ್ಟರೂ ಅಲ್ಲದ, ಔಷಧದಂಗಡಿಯಲ್ಲೂ ದುಡಿಯದ ನಾನು ಗುಳಿಗೆಯ ವಿಷಯ ಹೇಳಲು ಕೂತಿದ್ದೇನೆ, ತಿಳಿದವರು ಮನ್ನಿಸಬೇಕು. ಹಗಲು ಹಾವೇರಿಯ ವಕೀಲರೊಬ್ಬರ ಬಳಿ ಟೈಪಿಂಗ್ ಮಾಡಿ, ಸಂಜೆ ತರಗತಿಯಲ್ಲಿ ರಸಾಯನಶಾಸ್ತ್ರ ಕಲಿತವಳು. ಕಲಿತದ್ದರಲ್ಲಿ ಅರ್ಧ ತಪ್ಪಾಗಿ ನೆನಪಿರಬಹುದು.

ನಮ್ಮಕ್ಕ ಬಸವಣ್ಣೆವ್ವ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ. ಜಾರಿ ಬಿದ್ದು ಭುಜ ಮುರಿದುಕೊಂಡಳು. ರಾಣೆಬೆನ್ನೂರಿನಲ್ಲಿ ಆಪರೇಷನ್ ಮಾಡಿ, ನೋವಿಗೆ ಕೋಡೀನ್ ಗುಳಿಗೆ ಕೊಟ್ಟು ಕಳಿಸಿದರು. ನುಂಗಿದರೂ ನೋವು ಇಳಿಯಲಿಲ್ಲ, ಮಂಪರೂ ಬರಲಿಲ್ಲ.

“ಅಫೀಮಿನ ಜಾತಿ ಗುಳಿಗಿ ಅಂತ. ಎತ್ತಿಗೆ ಹಾಕಿದ್ರ ಎತ್ತೂ ಮಲಗತೈತಿ,” ಎಂದು ಅಕ್ಕನ ಗಂಡ ಲಕ್ಷ್ಮಪ್ಪ ಮಾವ ನಕ್ಕರು. “ಇಕಿಗೆ ಏನೂ ಆಗವಲ್ದು. ಸೋಗು ಹಾಕ್ಯಾಳ ನಿಮ್ಮಕ್ಕ.”

“ನಿಮ್ಮ ಭುಜಾ ಮುರದು ನೋಡೂಣೇನ್ರಿ?” ಎಂದ ಅಕ್ಕ ಗೋಡೆಯ ಕಡೆ ಹೊರಳಿದಳು. ಕಣ್ಣು ಒರೆಸಿಕೊಂಡದ್ದು ನನಗೆ ಕಂಡಿತು.

ನನಗೆ ತಡೆಯಲಾಗಲಿಲ್ಲ. “ಮಾವಾ, ಕೋಡೀನ್ ಅಂದ್ರ ತೊಟ್ಟು ಇರೋ ಮಾರ್ಫೀನ್ ಇದ್ದಂಗ. ತೊಟ್ಟು ಅಂದ್ರ ಒಂದು ಕಾರ್ಬನ್, ಮೂರು ಹೈಡ್ರೋಜನ್, ಅಷ್ಟ. ಅದು ಇರೋತನಕ ಮಿದುಳಿನ್ಯಾಗ ಸರಿಯಾಗಿ ಕುಂದ್ರಂಗಿಲ್ಲ, ನೋವು ಇಳಿಸಂಗಿಲ್ಲ. ಲಿವರ್‌ನ್ಯಾಗಿನ ಎಂಜೈಮ್ ಆ ತೊಟ್ಟು ಬಿಡಸಬೇಕು. ಕೆಲವ್ರಿಗೆ ಆ ಎಂಜೈಮ್ ಕೆಲಸಾನ ಮಾಡಂಗಿಲ್ರಿ.”

“ಅಂದ್ರ ಊರ ಮಂದಿ ಕಾಯಿ ತೊಟ್ಟು ಬಿಡಸೋ ಇಕಿಗೆ, ತನ್ನ ಹೊಟ್ಟ್ಯಾಗ ತೊಟ್ಟು ಬಿಡಸಾಕ ಆಳಿಲ್ಲಂತ!”

ಕಾಗದದ ಮೇಲೆ ಕೋಡೀನ್ ಅಣುವಿನ ಉಂಗುರಗಳ ರಚನೆ ಬರೆದು ತೋರಿಸಿದೆ.

“ಜಿಲೇಬಿ ಚಲೋ ಬಂದೈತಿ, ಪಂಡಿತೆವ್ವಾ. ಕಾಯಿ ತೊಟ್ಟು ಕಣ್ಣಿಗೆ ಕಾಣತೈತಿ. ನಿನ್ನ ತೊಟ್ಟು ಯಾರು ನೋಡ್ಯಾರ?”

ಯಾರೂ ನೋಡಿಲ್ಲ, ನಾನೂ ನೋಡಿಲ್ಲ. ಆ ಸಿಟ್ಟಿನಲ್ಲೇ ಅಕ್ಕನನ್ನು ಮತ್ತೆ ರಾಣೆಬೆನ್ನೂರಿಗೆ ಕರೆದೊಯ್ದೆ. ಡಾಕ್ಟರು ಅದೇ ಗುಳಿಗೆ ಹೆಚ್ಚು ಬರೆಯತೊಡಗಿದರು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದವಳು ಅವರ ಚೀಟಿಯನ್ನೇ ನೋಡುತ್ತ ಕೂತೆ. ಅಕ್ಕ ಮೊಣಕೈಯಿಂದ ತಿವಿದಳು.

“ಸರ್, ಇಕಿ ಮೈಯಾಗ ಅದು ಮಾರ್ಫೀನ್ ಆಗವಲ್ದೇನೋ…”

“ನೀವು ನರ್ಸಾ?”

“ಅಲ್ರಿ. ಟೈಪಿಸ್ಟ್.”

“ಮೊಬೈಲ್‌ನ್ಯಾಗ ಓದಿದ್ರೇನು?” ಎಂದವರು, ಸ್ವಲ್ಪ ಯೋಚಿಸಿ ಬರೆಯುತ್ತಿದ್ದ ಪೆನ್ನನ್ನು ಚೀಟಿಯಿಂದ ಎತ್ತಿದರು. “ಇರಬಹುದು. ಅದರ ಪರೀಕ್ಷೆ ನಮ್ಮಲ್ಲಿ ಇಲ್ಲ.” ಮೈಯಲ್ಲಿ ಹಾಗೆ ಬದಲಾಗಬೇಕಿಲ್ಲದ ಬೇರೆ ಗುಳಿಗೆ ಬರೆದರು.

ಹೊಸ ಗುಳಿಗೆ ನುಂಗಿದ ರಾತ್ರಿ ಅಕ್ಕ ನಿದ್ದೆ ಹೋದಳು. ಎದ್ದವಳು ಮೊದಲು ಹೇಳಿದ್ದು, “ನಿಮ್ಮ ಮಾವಗ ಈಗರ ಹೇಳು, ನಾ ಸೋಗು ಹಾಕಿದ್ದಿಲ್ಲಂತ.”

ಹೇಳಿದೆ.

“ಗಾಯ ಮಾಗೇತಿ, ಹಟಾ ಬಿಟ್ಟಾಳ, ನಿದ್ದಿ ಬಂದೈತಿ,” ಎಂದರು ಮಾವ. “ಗುಳಿಗಿದೇನೈತಿ ಇದ್ರಾಗ?”

ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಅಲ್ಲ ಎಂದು ಸಾಧಿಸಲು ನನ್ನ ಬಳಿ ಏನೂ ಇರಲಿಲ್ಲ. ಪರೀಕ್ಷೆ ಇವತ್ತಿಗೂ ಆಗಿಲ್ಲ. ಅವಳಿಗೆ ನೋವಿತ್ತು, ಅದನ್ನು ನಾನು ಬಲ್ಲೆ. ಕೋಡೀನ್ ಅವಳ ಮೈಯಲ್ಲಿ ಏಕೆ ಸೋತಿತು, ಅದು ನನಗೆ ಗೊತ್ತಿಲ್ಲ.