ಐದು ಎಲೆ

ಲಾಂಚಿನಿಂದ ಕಾಲು ಕೆಳಗಿಟ್ಟಿದ್ದೇ ತಡ, ಘಾರಾಪುರಿ ದ್ವೀಪದ ಧಕ್ಕೆಯ ಮೇಲಿದ್ದವರೆಲ್ಲ ಸೋಮವ್ವನ ಮೇಲೆ ಮುಗಿಬಿದ್ದರು. ಒಬ್ಬ ಮಣಿಸರವನ್ನು ಮುಖಕ್ಕೇ ಹಿಡಿದ. ಇನ್ನೊಬ್ಬ "ಗೈಡ್, ಗೈಡ್" ಎಂದು ಬೆನ್ನು ಬಿಡಲಿಲ್ಲ. ಡೋಲಿಯವರಿಬ್ಬರು ಅವಳನ್ನು ಕುರ್ಚಿಯಲ್ಲಿ ಕೂರಿಸಿ ಗುಹೆಯವರೆಗೆ ಹೊರುತ್ತೇವೆಂದು ಹಟ ಹಿಡಿದರು. ಹತ್ತು ವರ್ಷ ತಲೆಯ ಮೇಲೆ ಸಿಮೆಂಟಿನ ಬುಟ್ಟಿ ಹೊತ್ತವಳನ್ನು ಹೊರಲು ಎರಡು ಗಂಡಾಳು! ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದಳು. ಇವತ್ತು ಬುತ್ತಿಯ ಗಂಟನ್ನು ಕಂಕುಳಲ್ಲಿ ಅವುಚಿಕೊಂಡು ಮೆಟ್ಟಿಲು ಹತ್ತಿದಳು.

ಗಂಡ ಮರೆಪ್ಪ ಸತ್ತು ಇವತ್ತಿಗೆ ವರ್ಷ. ಹೋದ ವರ್ಷ ಯುದ್ಧಕ್ಕೆಂದು ರಾತ್ರಿ ದೀಪ ಆರಿಸುವ ಬ್ಲ್ಯಾಕ್‌ಔಟ್ ಇದ್ದಾಗ ಜ್ವರ ಬಂದು ಮೂರೇ ದಿನದಲ್ಲಿ ಹೋಗಿಬಿಟ್ಟ. ವರ್ಷದ ದಿನ ಸತ್ತವರ ಹೆಸರಿನಲ್ಲಿ ಐದು ಜನರನ್ನು ಕೂರಿಸಿ ಉಣ್ಣಿಸಬೇಕು ಎಂಬುದು ಅವಳ ಊರಿನ ಕಟ್ಟಳೆ. ಅವತ್ತು ಎಲೆಯ ಮುಂದೆ ಕೂತವರು ಯಾರೇ ಆಗಲಿ, ಸತ್ತವನೇ ಬಂದು ಕೂತ ಹಾಗೆ. ಅರ್ಧಕ್ಕೆ ಎದ್ದರೆ ಹೋದ ಜೀವ ಹಸಿದೇ ಉಳಿಯುತ್ತದೆ. ಅವಳ ಗುಡಿಸಲಿದ್ದ ಆಂಟಾಪ್ ಹಿಲ್‌ನಂಥ ಜನಜಂಗುಳಿಯಲ್ಲಿ ಐದು ಜನ ಸಿಗುವುದು ಕಷ್ಟವೇ? ಕಷ್ಟವೇ. ಊರಿನ ಗುಂಪು ವಿಲೆ ಪಾರ್ಲೆಯ ಹೊಸ ಬಿಲ್ಡಿಂಗ್ ಕೆಲಸಕ್ಕೆ ಎದ್ದುಹೋಗಿತ್ತು. ಕೆಮ್ಮುತ್ತಾಳೆಂದು ಕೂಲಿಯವರ ಮುಕಾದಮ ಅವಳೊಬ್ಬಳನ್ನು ಬಿಟ್ಟು ಹೋಗಿದ್ದ. ಉಳಿದ ನೆರೆಯವರಿಗೆ ಅವಳ ಮಾತು ತಿಳಿಯದು, ಅವರದು ಅವಳಿಗೆ. ಮರೆಪ್ಪ ಎರಡು ತಿಂಗಳು ಈ ದ್ವೀಪದಲ್ಲಿ ಕಲ್ಲು ಹೊತ್ತಿದ್ದ. ಅಲ್ಲಿ ದೊಡ್ಡ ಶಿವನಿದ್ದಾನೆ ಎಂದಿದ್ದ. ಶಿವನಿದ್ದಲ್ಲಿ ಉಣ್ಣುವವರಿಗೇನು ಬರ ಎಂದು ಗೋಧಿ ಹುಗ್ಗಿ ಮಾಡಿಕೊಂಡು ಬಂದಿದ್ದಳು.

ಗುಹೆಯೊಳಗೆ ಶಿವನೇನೋ ಇದ್ದ, ಕಲ್ಲಿನಲ್ಲಿ ಕಡೆದ ಮೂರು ಮುಖದವನು. ಪೂಜಾರಿ ಇರಲಿಲ್ಲ, ಗಂಟೆ ಇರಲಿಲ್ಲ, ಅಷ್ಟು ದೊಡ್ಡ ಹಣೆಗೆ ಒಂದು ಗೆರೆ ವಿಭೂತಿಯೂ ಇರಲಿಲ್ಲ. ಬಂದವರೆಲ್ಲ ನೋಡಿ ಹೋಗುವವರು.

"ಉಣ್ಣಾವ್ರು ಯಾರೂ ಇಲ್ಲಲ್ಲೋ ಯಪ್ಪಾ," ಎಂದು ಶಿವನಿಗೇ ದೂರು ಹೇಳಿದಳು.

ಧಕ್ಕೆಯಿಂದಲೂ ಹಿಂದೆ ಬಿದ್ದಿದ್ದ ಫೋಟೊ ಕಾರ್ಡು ಮಾರುವವನು ಕಿವಿ ನಿಮಿರಿಸಿದ. "ಕನ್ನಡವಾ ಅಮ್ಮ? ನಾನು ಕಾರ್ಕಳದವ, ಮೋನಪ್ಪ."

ಮಾತು ತಿಳಿಯುವ ಒಬ್ಬ ಸಿಕ್ಕಿದ್ದಕ್ಕೆ ಅವಳಿಗೆ ಅಳುವೇ ಬಂತು. "ಯಣ್ಣಾ, ನನ್ನ ಗಂಡನ ವರ್ಷದ ಊಟ ಅದ. ಐದು ಮಂದಿ ಉಂಡರ ಸಾಕು. ನಿಮ್ಮವರನ್ನ ಕರಕೊಂಡು ಕೂಡ್ರಿ."

"ಕೂತರೆ ಎಂತ ಕೊಳ್ಳಬೇಕು ನಾವು?" ಎಂದ ಮೋನಪ್ಪ. ಮಾರಿ ಬದುಕುವವನಿಗೆ ಜಗತ್ತೆಲ್ಲ ಅಂಗಡಿ.

"ಕೊಳ್ಳೂದೇನ್ರಿ, ಉಣ್ಣೂದು!"

ಮುಂದಿನ ಲಾಂಚು ಬರುವವರೆಗೆ ಅವರಿಗೂ ಬಿಡುವಿತ್ತು. ಗುಹೆಯ ಹೊರಗೆ ಮರದ ನೆರಳಿನಲ್ಲಿ ಮೋನಪ್ಪ, ಅವನು ಕರೆತಂದ ಮಣಿಸರದವ, ಗೈಡು, ಡೋಲಿಯವರಿಬ್ಬರು ಸಾಲಾಗಿ ಕೂತರು. ಸೋಮವ್ವ ಮುತ್ತುಗದೆಲೆ ಹಾಕಿ, ಹುಗ್ಗಿ ಬಡಿಸಿ, ಮೇಲೆ ತುಪ್ಪ ಬಿಟ್ಟಳು.

"ಭಾರಿ ರುಚಿ ಉಂಟು ಅಮ್ಮ," ಎಂದ ಮೋನಪ್ಪ ಬಾಯ್ತುಂಬ.

"ಸಾವಕಾಶ ಉಣ್ರಿ, ಇನ್ನೂ ಅದ." ವರ್ಷದಿಂದ ಈ ಮಾತನ್ನು ಯಾರಿಗೂ ಹೇಳಿರಲಿಲ್ಲ. ಹೇಳಿ ಅವಳಿಗೆ ಹೊಟ್ಟೆ ತುಂಬಿದಂತಾಯಿತು.

ಆಗ ಕೆಳಗೆ ಲಾಂಚಿನ ಭೋಂಗಾ ಕೂಗಿತು. ಐದೂ ಕೈ ಬಾಯಿಯ ಹತ್ತಿರ ನಿಂತವು. ಮಣಿಸರದವ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಓಡಿದ, ಉಳಿದವರು ಅವನ ಹಿಂದೆ.

"ಅರ್ಧಕ್ಕ ಏಳಬ್ಯಾಡ್ರೀ! ನಿಮ್ಮ ಕಾಲು ಬೀಳ್ತೀನಿ!"

"ಫಾರಿನ್‌ನವರು ಅಮ್ಮ, ಈಗ ಬಂದೆ," ಎಂದು ಮೋನಪ್ಪನೂ ಇಳಿದುಹೋದ.

ಅವಳು ಸೆರಗಿನಿಂದ ನೊಣ ಓಡಿಸುತ್ತ, ಮಂಗಗಳಿಗೆ ಕಲ್ಲು ತೋರಿಸುತ್ತ ಎಲೆ ಕಾದಳು. ಗೈಡು ಏಳೆಂಟು ಜನರನ್ನು ಕರೆದುಕೊಂಡು ಎದುರೇ ಹಾದುಹೋದ, ಗುರುತಿಲ್ಲದವನ ಹಾಗೆ. ಕಡೆಯಲ್ಲಿ ಮೋನಪ್ಪ ಬಂದ, ಜೊತೆಗೆ ಬಿಳಿಯ ದಂಪತಿ. ಎಲೆ ನೋಡಿ ಅವನ ಮುಖ ಬಾಡಿತು.

"ಎತ್ತಿಬಿಡಿ ಅಮ್ಮ. ಅವರು ಇನ್ನು ಬರುದಿಲ್ಲ. ನನಗೂ ಪುರ್ಸೊತ್ತಿಲ್ಲ."

ಬಿಳಿಯ ಹೆಂಗಸು ಕ್ಯಾಮೆರಾ ಎತ್ತಿದಳು. ಸೋಮವ್ವ ಅತ್ತ ನೋಡಲಿಲ್ಲ. ಮದುವೆಯಾದಂದಿನಿಂದ ಅವಳು ಉಂಡದ್ದು ಮರೆಪ್ಪ ಉಂಡು ಬಿಟ್ಟ ತಾಟಿನಲ್ಲೇ. ಬೇರೆಯವರ ಎಂಜಲು ಮುಟ್ಟಿದವಳಲ್ಲ. ಇವತ್ತು ಈ ಎಲೆಗಳ ಮುಂದೆ ಕೂತಿದ್ದವನೂ ಅವನೇ ತಾನೇ. ಮೊದಲನೆಯ ಎಲೆಯನ್ನು ಹತ್ತಿರ ಎಳೆದುಕೊಂಡು, ಯಾರದೋ ಬೆರಳಿನ ಗೆರೆ ಮೂಡಿದ್ದ ಹುಗ್ಗಿಯನ್ನು ಕಲಸಿ ತುತ್ತು ಮಾಡಿದಳು. ಒಂದು ಅಗುಳೂ ಉಳಿಯದಂತೆ ಉಂಡು, ಎರಡನೆಯ ಎಲೆಯ ಮುಂದೆ ಸರಿದು ಕೂತಳು.