ಒಂದು ಸಲ ಬಾರಿಸಿದರೆ ಬಸಪ್ಪ

ನೀಲವ್ವನ ಎಡಗಣ್ಣಿನ ಮೂಲೆಯಿಂದ ಒಂದು ಹನಿ ಇಳಿದು ಕೆನ್ನೆಯ ಮೇಲೆ ನಿಂತಿತು, ಮದ್ದಿನದೋ ಕಣ್ಣಿನದೋ, ಒರೆಸಲೋ ಬೇಡವೋ ಎಂದು ಬಸಪ್ಪ ನೋಡುತ್ತ ಕುಳಿತ, ಮಾತಾಜೀ ಆಂಖೇಂ ಬಂದ್ ರಖಿಯೇ, ಕಣ್ಣು ತೆರೆಯಬೇಡಿ ಎಂದು ನರ್ಸಮ್ಮ ಆಗಲೇ ಮೂರನೇ ಸಲ ಮದ್ದು ಬಿಟ್ಟು ಹೋಗಿದ್ದಾಳೆ, ಇನ್ನು ಒಂದಿಷ್ಟು ಹೊತ್ತು ಹೆಂಡತಿಗೆ ಲೋಕವೆಲ್ಲ ಹಾಲು ಚೆಲ್ಲಿದ ಹಾಗೆ, ಅದಕ್ಕೇ ಅವನ ಅಂಗಿಯ ತೋಳನ್ನು ಎರಡು ಬೆರಳಲ್ಲಿ ಹಿಡಿದು ಕುಳಿತಿದ್ದಾಳೆ, ಜನಕಪುರಿಯ ಈ ಕಣ್ಣಿನ ದವಾಖಾನೆಯಲ್ಲಿ ಬೆಳಗಿನ ಹತ್ತಕ್ಕೇ ಕುರ್ಚಿ ಸಾಲದಷ್ಟು ಜನ — ಅಷ್ಟರಲ್ಲಿ ಜೇಬಿನ ಫೋನು ಒಂದು ಸಲ ಬಡಿದುಕೊಂಡು ಸುಮ್ಮನಾಯಿತು. ಒಂದೇ ಸಲ. ಬಸಪ್ಪನ ಮೊಣಕಾಲುಗಳು ಅವನನ್ನು ಕೇಳದೆ ಎದ್ದವು.

ಎದ್ದದ್ದು ಇಷ್ಟೇ ಇಷ್ಟು, ಕುರ್ಚಿಗೂ ಅವನಿಗೂ ನಡುವೆ ನಾಲ್ಕು ಬೆರಳು ಸಂದು, ಆದರೆ ಅಷ್ಟರಲ್ಲಿ ತೋಳಿನ ಮೇಲಿನ ಬೆರಳು ಸಡಿಲಾಗಿತ್ತು, ಅವಳೇ ಬಿಟ್ಟಳು, ಅವನು ಬಿಡಿಸಿಕೊಳ್ಳಲಿಲ್ಲ, ಹೋಗಿ ಬರ್ರಿ, ನಾ ಇಲ್ಲೇ ಕುಂತಿರ್ತೀನಿ ಅಂದಳು, ಸಿಟ್ಟಿಲ್ಲ, ಸೆಡವಿಲ್ಲ, ಬಾಗಿಲು ಹಾಕ್ಕೊಂಡು ಹೋಗ್ರಿ ಅಂದ ಹಾಗೆ. ಕಳೆದ ಸಲವೂ ಹೀಗೇ ಅಂದಿದ್ದಳು. ಕಳೆದ ಸಲ ಅವನು ಹೋಗಿದ್ದ — ಮೆಟ್ರೋ ಹತ್ತಿ ದ್ವಾರಕಾಕ್ಕೆ, ದತ್ತಾತ್ರೇಯ ಸಾಹೇಬರ ಮನೆಗೆ, ಅಲ್ಲಿ ನೋಡಿದರೆ ಉಪ್ಪಿನಕಾಯಿ ಬಾಟ್ಲಿಯ ಮುಚ್ಚಳ ತೆಗೆಯಬೇಕಿತ್ತು, ಜಪ್ಪಯ್ಯ ಅಂದರೂ ಬರ್ತಿಲ್ಲ ಕಣೋ ಬಸಪ್ಪ ಅಂದರು, ತೆಗೆದುಕೊಟ್ಟು ವಾಪಸು ಬರುವಷ್ಟರಲ್ಲಿ ಎರಡು ತಾಸು. ನೀಲವ್ವ ಇದ್ದಲ್ಲೇ ಇದ್ದಳು, ಪಕ್ಕದ ಖಾಲಿ ಕುರ್ಚಿಯ ಮೇಲೆ ಅಂಗೈ ಊರಿಕೊಂಡು, ಯಾರಾದರೂ ಕುಂತಾರು ಅಂತ, ಅವನ ಜಾಗ ಹೋದೀತು ಅಂತ, ಕಣ್ಣು ಕಾಣದವಳು. ಹೆಸರು ಕೂಗಿದ್ದು ಅವಳಿಗೆ ತಿಳಿದಿರಲಿಲ್ಲ, ನೀಲಂ ದೇವಿ ಅಂತ ಯಾರನ್ನೋ ಕರೆದರು, ನಾನಲ್ಲ ಅಂತ ಸುಮ್ಮನಿದ್ದೆ ಅಂದಳು. ಪಾಳಿ ತಪ್ಪಿತು. ಮನೆ ಮುಟ್ಟಿದ ಮೇಲೆ, ಮುಚ್ಚಳ ಬಂತೇನು ಅಂತ ಕೇಳಿದಳು, ಅಷ್ಟೇ.

ಸಾಹೇಬರು ಕೆಟ್ಟವರಲ್ಲ, ಕೆಟ್ಟವರಾಗಿದ್ದರೆ ಎಷ್ಟು ಸಲೀಸಿತ್ತು, ದಿನಗೂಲಿ ಬಸಪ್ಪನನ್ನು ಕಾಯಂ ಮಾಡಿ ಎಂದು ಬರೆದವರು ಅವರು, ನಮ್ಮ ಕಡೆಯವನು, ಪ್ರಾಮಾಣಿಕ ಅಂತ, ಸರೋಜಿನಿ ನಗರದ ಕ್ವಾರ್ಟರ್ಸು ಕೊಡಿಸಿದವರೂ ಅವರೇ, ಆ ಅನ್ನ ಇನ್ನೂ ಹೊಟ್ಟೆಯಲ್ಲಿದೆ. ಆಫೀಸಿನ ಮೇಜಿನ ಮೇಲೆ ಹಿತ್ತಾಳೆಯ ಒಂದು ಗಂಟೆ, ಒಂದು ಸಲ ಬಾರಿಸಿದರೆ ಬಸಪ್ಪ, ಎರಡು ಬಾರಿಸಿದರೆ ಸ್ಟೆನೋ, ಮೂರಾದರೆ ಡ್ರೈವರು, ಸಾಹೇಬರು ಫೈಲಿನಿಂದ ತಲೆ ಎತ್ತುತ್ತಿರಲಿಲ್ಲ, ಬೆರಳು ಮಾತ್ರ ಎದ್ದು ಗಂಟೆಯ ಮೇಲೆ ಒಂದು ಗಳಿಗೆ ನಿಲ್ಲುತ್ತಿತ್ತು, ಆ ಬೆರಳು ಇಳಿಯುವ ಮೊದಲೇ ಬಸಪ್ಪ ಬಾಗಿಲಲ್ಲಿ. ಮೂವತ್ತೊಂದು ವರ್ಷ. ಇಬ್ಬರೂ ರಿಟೈರಾಗಿ ಒಂಬತ್ತು ವರ್ಷವಾಯಿತು, ಸಾಹೇಬರ ಹೆಂಡತಿ, ಅಮ್ಮಾವರು, ತೀರಿಕೊಂಡ ಮೇಲೆ ಅವರು ಫೋನಲ್ಲೂ ಹಾಗೇ ಶುರುಮಾಡಿದರು, ಒಂದು ರಿಂಗು, ಕಟ್ಟು. ಮೊಮ್ಮಗಳು ಹರ್ಷಿಣಿ ನಗುತ್ತಾಳೆ, ಅಜ್ಜಾ, ಆಪ್ ತೋ ರಿಟೈರ್ ಹೋ ಗಯೇ ನಾ, ಮತ್ತೆ ಈ ಅಂಕಲ್ ಯಾಕೆ ಮಿಸ್ಡ್ ಕಾಲ್ ಕೊಡ್ತಾರೆ, ಬಾತ್ ಮಾಡೋಕೆ ಬರಲ್ವಾ ಅವರಿಗೆ. ಬರುತ್ತದೆ ಕೂಸೇ, ಬರುತ್ತದೆ, ಬಸಪ್ಪನಿಗೇ ಬರುವುದಿಲ್ಲ, ಆಯ್ತು ಸಾರ್ ಅನ್ನುವುದೊಂದು ಬಿಟ್ಟು. ಆ ಮನೆಯಲ್ಲಿ ಇವತ್ತಿಗೂ ಅವನು ಕುಳಿತಿಲ್ಲ, ಕೂರು ಅಂತ ಅವರು ಅಂದಿಲ್ಲ, ಕೂರಬೇಡ ಅಂತಲೂ ಅಂದಿಲ್ಲ, ನಿಂತದ್ದು ಅವನೇ.

ಈಗಲೂ ನಿಂತೇ ಇದ್ದಾನೆ, ಪೂರಾ ನಿಂತಿಲ್ಲ, ಕುಳಿತೂ ಇಲ್ಲ, ಕೆಳಗೆ ನೀಲವ್ವನ ಕೈ ಮೆಲ್ಲನೆ ತಡಕುತ್ತ ಅವನ ಕುರ್ಚಿಯ ಕಡೆಗೆ ಬರುತ್ತಿದೆ, ಜಾಗ ಹಿಡಿಯಲು. ಆ ಕೈ ಕುರ್ಚಿ ಮುಟ್ಟುವ ಮೊದಲು ಬಸಪ್ಪ ಧಪ್ಪನೆ ಕುಳಿತುಬಿಟ್ಟ. ಫೋನು ತೆಗೆದ. ಆ ನಂಬರಿಗೆ ಅವನಾಗಿ ಫೋನು ಮಾಡಿದ್ದು ಇದೇ ಮೊದಲು. ಏನೋ, ಗೇಟ್ ಹತ್ರ ಬಂದ್ಯಾ, ಟೀವಿ ರಿಮೋಟು ಸತ್ತಿದೆ ನೋಡು, ಎಂದರು ಸಾಹೇಬರು. ಇಲ್ಲ ಸಾರ್, ಕಣ್ಣಿನ ಡಾಕ್ಟರ ಹತ್ರ ಇದೀನಿ, ಇವಳದು ಕಣ್ಣು. ಹೌದಾ, ಅಚ್ಛಾ, ಮುಗಿಸ್ಕೊಂಡು ಬಾ. ಆಗಲ್ಲ ಎನ್ನಬೇಕು ಅಂತ ಬಾಯಲ್ಲಿ ಇಟ್ಟುಕೊಂಡಿದ್ದ, ಹೊರಗೆ ಬಂದದ್ದು ಬರಲ್ಲ ಸಾರ್ ಅಂತ. ಆಗಲ್ಲ ಅಂದರೆ ತಪ್ಪನ್ನು ಕಾಲಿನ ಮೇಲೆ, ಮೈಯ ಮೇಲೆ ಹಾಕಬಹುದಿತ್ತು, ಬರಲ್ಲ ಅಂದರೆ ಒಲ್ಲೆ ಅಂದವನು ಬಸಪ್ಪನೇ. ಆದರೂ ಮಾತು ನಿಲ್ಲಲಿಲ್ಲ, ಇನ್ಮೇಲೆ ಕೆಲಸಕ್ಕೆ ಬರಲ್ಲ ಸಾರ್, ಕೆಳಗಿನ ಅಂಗಡಿಯವನಿಗೆ ಹೇಳಿದರೆ ಮೇಲೆ ಬಂದು ಸೆಲ್ಲು ಹಾಕಿಕೊಡ್ತಾನೆ, ಒಳ್ಳೆಯವನು, ನಾನು ಭಾನುವಾರ ಬರ್ತೀನಿ, ನಿಮ್ಮನ್ನ ನೋಡೋಕೆ, ಇವಳನ್ನೂ ಕರ್ಕೊಂಡು, ಕೂತು ಮಾತಾಡೋಕೆ. ಕೂತು ಎಂಬುದನ್ನು ಜೋರಾಗಿ ಅಂದನೇನೋ, ಎದುರಿಗಿನ ಸರ್ದಾರ್ಜಿ ತಿರುಗಿ ನೋಡಿದರು.

ನೀಲವ್ವ ಕಣ್ಣು ಮುಚ್ಚಿಕೊಂಡೇ ಮುಖ ಇತ್ತ ತಿರುಗಿಸಿದ್ದಾಳೆ, ಕಿವಿಯಲ್ಲೇ ನೋಡುವವಳ ಹಾಗೆ. ಸಾಹೇಬರು ಫೋನು ಕಟ್ಟು ಮಾಡಿದರೋ, ಇಲ್ಲ, ಕೆಮ್ಮಿದರು, ಆಮೇಲೆ, ಭಾನುವಾರ ಎಷ್ಟು ಗಂಟೆಗೆ ಬರ್ತೀರಿ, ಅಂದರು. ಬರ್ತೀರಿ. ಬರ್ತೀಯಾ ಅಲ್ಲ. ಇಬ್ಬರೂ ಬರುವುದಕ್ಕೆ ಹಾಗಂದರೋ, ಮುನಿಸಿಕೊಂಡು ದೂರ ಸರಿಸಿದರೋ, ಇಲ್ಲಾ ನಲವತ್ತು ವರ್ಷದ ಮೇಲೆ ಬಸಪ್ಪನಿಗೇ ಅಂದರೋ, ಯಾರನ್ನು ಕೇಳುವುದು, ಗಂಟೆ ಇಷ್ಟು ಎಂದು ಅವನು ಹೇಳಬೇಕು, ಅವರು ಕಾಯುತ್ತಿದ್ದಾರೆ, ಬರ್ತೀರಿ, ಬರ್ತೀರಿ, ಅವನ ಕಣ್ಣ ಮುಂದೆ ಹಿತ್ತಾಳೆಯ ಗಂಟೆಯ ಮೇಲೆ ಎದ್ದು ನಿಂತ ಸಾಹೇಬರ ಬೆರಳು, ಇಳಿಯುತ್ತಿಲ್ಲ, ಹಿಂದಕ್ಕೂ ಹೋಗುತ್ತಿಲ್ಲ, ಆ ಬೆರಳು —