ತಗಡಿನ ಜೀವ

ಮತ್ತೆ ನಕ್ಕಳು. ಹಿತ್ತಲ ಶೆಡ್ಡಿನಿಂದ ಹೆಂಡತಿಯ ನಗು ಕಿಟಕಿ ದಾಟಿ ಕ್ಲಿನಿಕ್ಕಿನೊಳಕ್ಕೆ ಬಂದಾಗ ದಂತವೈದ್ಯನ ಕೈಯಲ್ಲಿದ್ದ ಡ್ರಿಲ್ಲು ಅರ್ಧದಲ್ಲೇ ನಿಂತಿತು. ಬಾಯಿ ತೆರೆದು ಮಲಗಿದ್ದ ನಿವೃತ್ತ ಮೇಷ್ಟರು ಕಣ್ಣಲ್ಲೇ ಏನೆಂದು ಕೇಳಿದರು.

"ಏನಿಲ್ಲ. ಇನ್ನೂ ಸ್ವಲ್ಪ ಅಗಲ ತೆಗೀರಿ."

ಶೆಡ್ಡಿನಲ್ಲಿ ಇದ್ದದ್ದು ಅವನ ಹೆಂಡತಿ, ತಮ್ಮ ಮತ್ತು ಅಪ್ಪ ಬಿಟ್ಟುಹೋದ ಸ್ಪೋರ್ಟ್ಸ್ ಕಾರು. ತಲೆಯ ಮೇಲೆ ಛಾವಣಿಯಿಲ್ಲದ, ಎರಡೇ ಸೀಟಿನ ಕೆಂಪು ಕಾರು. ವರ್ಷಗಟ್ಟಲೆ ಟಾರ್ಪಾಲಿನಡಿ ಬಿದ್ದಿದ್ದ ಅದರ ಗೊಡವೆಗೆ ಯಾರೂ ಹೋಗಿರಲಿಲ್ಲ. ಸಿಕ್ಕ ಕೆಲಸಗಳನ್ನೆಲ್ಲ ಬಿಟ್ಟು ಬಂದು ಮಹಡಿಯ ಕೋಣೆಯಲ್ಲಿ ತಳವೂರಿದ ತಮ್ಮ ಒಂದು ದಿನ ಟಾರ್ಪಾಲು ಎಳೆದ. ಬಣ್ಣವೇನೋ ಚೆನ್ನಾಗಿಯೇ ಇತ್ತು. ಬಾಗಿಲ ಕೆಳಗೆ ಉದ್ದಕ್ಕೂ ಹಾದು ಗಾಡಿಯ ಭಾರವನ್ನೆಲ್ಲ ಹೊರುವ ತಗಡಿನ ತೊಲೆಯ ಮೇಲೆ ಬೆರಳಿಟ್ಟರೆ ಬೆರಳೇ ಒಳಗೆ ಹೋಯಿತು. ತುಕ್ಕು ಪುಡಿಪುಡಿಯಾಗಿ ಉದುರಿತು.

"ಗುಜರಿಗೆ ಹಾಕು," ಎಂದಿದ್ದ ದಂತವೈದ್ಯ.

"ಹಲ್ಲು ಹುಳುಕಾದ್ರೆ ತಲೇನೇ ತೆಗೀತೀಯಾ ಅಣ್ಣ?"

ಹೆಂಡತಿ ಆಗಲೂ ನಕ್ಕಿದ್ದಳು.

ಮೊದಮೊದಲು ಅವಳು ಚಹಾ ಕೊಡಲು ಹೋಗುತ್ತಿದ್ದಳು. ಆಮೇಲೆ ದೀಪ ಹಿಡಿಯಲು. ಈಗ ಅವಳದೇ ಸುತ್ತಿಗೆ, ಅವಳದೇ ಕೈಗವಸು. ಸಂಜೆ ಒಳಗೆ ಬಂದಾಗ ಕೂದಲಲ್ಲಿ ಕಬ್ಬಿಣದ ಪುಡಿ ಮಿನುಗುತ್ತಿತ್ತು. ಅದು ಅವಳಿಗೆ ಒಪ್ಪುತ್ತದೆ ಎಂಬುದೇ ಅವನ ಹೊಟ್ಟೆ ಉರಿಸುತ್ತಿತ್ತು.

ಅನುಮಾನವೇ? ಅಷ್ಟಾದರೂ ಇದ್ದಿದ್ದರೆ ಜಗಳವಾಡಬಹುದಿತ್ತು. ನಾಲ್ಕು ಜನ ಬಾಯಿಗೆ ಬಂದಂತೆ ಆಡಿಕೊಳ್ಳುವಂಥದ್ದೇನೂ ಅಲ್ಲಿ ನಡೆಯುತ್ತಿರಲಿಲ್ಲ. ಶೆಡ್ಡಿನ ಬಾಗಿಲು ಸದಾ ತೆರೆದೇ ಇರುತ್ತಿತ್ತು. ಅವರಿಬ್ಬರೂ ಕಬ್ಬಿಣ ಕುಟ್ಟುತ್ತ ಸುಖವಾಗಿದ್ದರು, ಅಷ್ಟೆ.

ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅವಳು ಹೇಳಿದ್ದಳು:

"ಇವತ್ತು ತೊಲೆ ಕತ್ತರಿಸ್ತೀವಿ."

"ಕತ್ತರಿಸ್ತೀವಿ ಅಂದ್ರೆ?"

"ಅಂದ್ರೆ ನಾವು. ಬಾಗಿಲು ತೆರೆದಿಟ್ಟು ಆ ಜಾಗಕ್ಕೆ ಅಡ್ಡ ಪೈಪ್ ಕೊಟ್ಟು ಬೋಲ್ಟ್ ಹಾಕಿದೀವಿ. ಅದಿಲ್ದೆ ಯಾರಾದ್ರೂ ಕೂತ್ರೆ ಗಾಡಿ ಹೀಗೆ..." ಬೆಂಕಿಪೆಟ್ಟಿಗೆಯ ಖಾನೆಯ ಒಂದು ಬದಿ ಹರಿದು ನಡುವೆ ಬೆರಳಿಂದ ಒತ್ತಿದಳು. ಅದು ಮಡಚಿಕೊಂಡಿತು. "ಕತೆ ಮುಗೀತು."

ಅವನು ಬ್ರೆಡ್ಡು ಅಗಿಯುತ್ತಿದ್ದ.

"ರೆಡಿಯಾದ್ಮೇಲೆ ಮೊದಲ್ನೇ ಸುತ್ತು ನಂಗಂತೆ. ಮಾತು ಕೊಟ್ಟಿದಾನೆ."

"ನಾನು?"

"ಎರಡೇ ಸೀಟಲ್ವಾ? ಗೇಟ್ ತೆಗೆಯೋಕೂ ಒಬ್ರು ಬೇಕಲ್ಲ."

ತಮಾಷೆ. ಅದು ತಮಾಷೆಯೆಂದು ಅವನಿಗೂ ಗೊತ್ತಿತ್ತು. ನಗಲು ಹೋದ; ಬ್ರೆಡ್ಡು ಗಂಟಲಿಗೆ ಸಿಕ್ಕಿ ಕೆಮ್ಮು ಬಂತು.

ಈಗ ಪುಟ್ಟ ಕನ್ನಡಿಯ ಹಿಡಿಯಿಂದ ಮೇಷ್ಟರ ಪಕ್ಕದ ಹಲ್ಲನ್ನು ತಟ್ಟಿ ನೋಡುತ್ತಿದ್ದಾಗ ಶೆಡ್ಡಿನಲ್ಲೂ ಯಾರೋ ತಟ್ಟತೊಡಗಿದರು. ಠಣ್. ಠಣ್. ದಪ್.

"ಇಲ್ಲಿ ಜೀವ ಇಲ್ಲ ಕಣೋ!" ಹೆಂಡತಿಯ ದನಿ.

"ಇನ್ನೂ ಸ್ವಲ್ಪ ಮುಂದೆ ನೋಡಿ ಅತ್ತಿಗೆ."

ಠಣ್.

"ಇಲ್ಲಿದೆ! ಜೀವ ಇದೆ!"

ಆ ಮಾತು ಅವನದು. ಅವಳು ಮೊದಲ ಸಲ ಊದಿದ ಕೆನ್ನೆ ಹಿಡಿದುಕೊಂಡು ಇದೇ ಕುರ್ಚಿಗೆ ಬಂದಾಗ ಹಲ್ಲು ತಟ್ಟಿ, "ಇದಕ್ಕೆ ಜೀವ ಇದೆ, ಉಳಿಸೋಣ," ಎಂದಿದ್ದ. "ಹಲ್ಲಿಗೂ ಜೀವ ಇರುತ್ತಾ ಡಾಕ್ಟ್ರೇ?" ಎಂದು ಅವಳು ಆ ನೋವಿನಲ್ಲೂ ನಕ್ಕಿದ್ದಳು. ಮದುವೆಯಾದ ಹೊಸತರಲ್ಲಿ ಅದು ಅವರಿಬ್ಬರ ಆಟವಾಗಿತ್ತು. ಅವನು ಮುಖ ಊದಿಸಿ ಕೂತರೆ ಅವನ ಹಣೆಯನ್ನು ಬೆರಳಿಂದ ತಟ್ಟಿ, ಕಿವಿಗೊಟ್ಟು ಕೇಳಿ, "ಜೀವ ಇದೆ," ಎನ್ನುತ್ತಿದ್ದಳು. ಅದು ಯಾವಾಗ ನಿಂತಿತೋ ಅವನು ಗಮನಿಸಿರಲಿಲ್ಲ. ಈಗ ಅದನ್ನೇ ಎತ್ತಿ ತಗಡಿಗೆ ಕೊಟ್ಟುಬಿಟ್ಟಿದ್ದಾಳೆ. ಬೇರೆ ಏನನ್ನು ಕೊಟ್ಟಿದ್ದರೂ ಸಹಿಸುತ್ತಿದ್ದನೇನೋ.

"ನೋಯ್ತಿದೆ," ಎಂದರು ಮೇಷ್ಟರು, ಕಷ್ಟಪಟ್ಟು.

"ಯಾವ ಹಲ್ಲು?"

"ಹಲ್ಲಲ್ಲ. ನೀವು ಒತ್ತಿ ಹಿಡಿದಿರೋ ತುಟಿ."

ಮೇಷ್ಟರನ್ನು ಕಳಿಸಿ ಶೆಡ್ಡಿಗೆ ಹೋದ. ಅವರಿಬ್ಬರೂ ಅಡುಗೆಮನೆಗೆ ಹೋಗಿದ್ದರು. ನಲ್ಲಿಯ ಸದ್ದು, ನಡುನಡುವೆ ಮಾತು ಕೇಳುತ್ತಿತ್ತು. ಚಕ್ರ ಕಳಚಿದ ಕಾರು ಹಿಂದೆ ಮುಂದೆ ಕಬ್ಬಿಣದ ಕಾಲುಗಳ ಮೇಲೆ ನಿಂತಿತ್ತು. ಕತ್ತರಿಸಿದ ತೊಲೆ ನೆಲದ ಮೇಲೆ ಬಿದ್ದಿತ್ತು. ಒಂದು ಸೀಟಿನ ಮೇಲೆ ಅವಳ ಕೈಗವಸು, ಇನ್ನೊಂದರ ಮೇಲೆ ತಮ್ಮನದು. ಗಂಡಹೆಂಡಿರ ಹಾಗೆ ಕೂತಿದ್ದವು.

ತಮ್ಮನ ಕೈಗವಸನ್ನು ಎತ್ತಿ ಮೂಲೆಗೆಸೆದ. ಕೂರಲು ಪೈಪು ಅಡ್ಡವಾಗಿತ್ತು. ಛಾವಣಿಯಿಲ್ಲದ ಕಾರು, ಮೇಲಿಂದ ದಾಟಿ ಇಳಿಯಬಹುದಿತ್ತು. ಆದರೆ ಅವನಿಗೆ ಬಾಗಿಲಿನಿಂದಲೇ ಹೋಗಬೇಕಿತ್ತು. ಸ್ಪ್ಯಾನರ್ ಕೈಗೆ ಸಿಕ್ಕಿತು. ಬೆಂಕಿಪೆಟ್ಟಿಗೆ ನೆನಪಾಗಲಿಲ್ಲ ಎಂದೇನಲ್ಲ. ಬೋಲ್ಟುಗಳನ್ನು ಬಿಚ್ಚಿ ಪೈಪನ್ನು ಮೆಲ್ಲಗೆ ಕೆಳಗಿಟ್ಟು, ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡ. ಕ್ಲಿಕ್ ಎಂದು ಸೊಗಸಾಗಿ ಮುಚ್ಚಿಕೊಂಡಿತು. ಅವನಿಗೆ ಖುಷಿಯಾಯಿತು.

ಆಮೇಲೆ ಅಡಿಯಲ್ಲಿ ಏನೋ ನರಳಿತು. ಸೀಟು ಅವನನ್ನು ಹೊತ್ತುಕೊಂಡೇ ಕುಸಿಯಿತು. ಎದುರಿನ ಗಾಜು ಅವನ ಕಡೆಗೆ ವಾಲಿತು. ಹಿಡಿ ತಿರುಗಿಸಿದ, ಬಾಗಿಲು ಬಿಗಿದುಕೊಂಡಿತ್ತು.

ಇಬ್ಬರೂ ಓಡಿಬಂದರು. ಅವಳ ಕೈಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ಅಯ್ಯೋ, ಪೈಪ್ ಯಾರು ತೆಗೆದ್ರು?"

ಅವನು ಮಡಿಲಲ್ಲಿದ್ದ ಸ್ಪ್ಯಾನರನ್ನು ನೋಡಿದ.

"ಬಾಗ್ಲು ಬರ್ತಿಲ್ಲ," ಎಂದ.

"ಮೇಲಿಂದ ದಾಟಿ ಬಾ ಅಣ್ಣ," ಎಂದ ತಮ್ಮ. "ಅಲ್ಲಾಡ್ಬೇಡ. ನಿಧಾನ."

"ಏಳಿ," ಎಂದಳು ಅವಳು.

ಎದ್ದು ನಿಂತು ಕಾಲೆತ್ತಿದರೆ ಸಾಕಿತ್ತು. ಅವನು ಸ್ಟಿಯರಿಂಗು ಹಿಡಿದುಕೊಂಡು ಕೂತ.

ತಮ್ಮ ಮೊಣಕಾಲೂರಿ ಕೆಳಗೆ ಇಣುಕಿದ. "ತಗಡು ಎಲ್ಲೀವರೆಗೆ ಹೋಗಿದೆ ನೋಡಿ ಅತ್ತಿಗೆ."

ಅವಳು ಸುತ್ತಿಗೆ ತೆಗೆದುಕೊಂಡು ಹಿಂಬದಿಯಿಂದ ಶುರು ಮಾಡಿದಳು. ದಪ್. ಕಿವಿಗೊಟ್ಟಳು. ಒಂದು ಹೆಜ್ಜೆ ಮುಂದೆ ಬಂದಳು. ದಪ್. ಸದ್ದು ಅವನ ಬೆನ್ನ ಹಿಂದಿನಿಂದ ಭುಜದ ಹತ್ತಿರಕ್ಕೆ, ಭುಜದಿಂದ ಬಾಗಿಲಿಗೆ ಬಂತು. ಅವಳ ಕೂದಲಲ್ಲಿ ಕಬ್ಬಿಣದ ಪುಡಿ ಮಿನುಗುವುದು ಕಂಡಿತು. ಅವನು ಉಸಿರು ಬಿಗಿಹಿಡಿದು ಹಣೆಯನ್ನು ತುಸು ಮುಂದಕ್ಕೆ ಬಾಗಿಸಿದ.

ಅವಳು ಅವನನ್ನು ದಾಟಿ ಮುಂದಿನ ತಗಡಿಗೆ ಬಡಿದಳು. ಠಣ್.

"ಇಲ್ಲಿಂದಾಚೆ ಜೀವ ಇದೆ," ಎಂದಳು ತಮ್ಮನಿಗೆ.

ಅವನು ಹಣೆ ಬಾಗಿಸಿಕೊಂಡೇ ಕೂತಿದ್ದ.